ಒಂದೇ ಕೆರೆಗೆ ಮತ್ತೆ ಮತ್ತೆ ಹೋಗಿ

ಹೊಸೂರು–ಕೃಷ್ಣಗಿರಿ ಸೀಮೆಯಲ್ಲಿ ಈ ಚಳಿಗಾಲ ಹಕ್ಕಿ ನೋಡಲು ಹೊರಟವರಿಗೆ ಮೊದಲ ಮಾತು: ಅಪರೂಪದ ಹಕ್ಕಿಯ ಬೆನ್ನು ಹತ್ತಬೇಡಿ. ಮನೆಗೆ ಹತ್ತಿರದ ಒಂದು ಕೆರೆಯನ್ನೋ ತೋಪನ್ನೋ ಆರಿಸಿಕೊಂಡು, ಸೆಪ್ಟೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ವಾರಕ್ಕೊಮ್ಮೆಯಾದರೂ ಅಲ್ಲಿಗೇ ಹೋಗಿ. ಪಟ್ಟೆತಲೆ ಹೆಬ್ಬಾತುಗಳ ದೊಡ್ಡ ಹಿಂಡು ನೋಡಲೇಬೇಕೆಂದರೆ ಮೈಸೂರಿನ ಕಡೆ ಹದಿನಾರು ಕೆರೆಯಿದೆ, 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿದ ಗದಗ ಜಿಲ್ಲೆಯ ಮಾಗಡಿ ಕೆರೆಯಿದೆ. ಒಮ್ಮೆ ಹೋಗಿ ಬನ್ನಿ. ಆದರೆ ಹಕ್ಕಿ ನೋಡುವ ರುಚಿ ಹತ್ತುವುದು ಒಂದೇ ಜಾಗವನ್ನು ತಿಂಗಳುಗಟ್ಟಲೆ ನೋಡಿದವರಿಗೆ.

ಇದಕ್ಕೆ ಕಾರಣವೂ ಇದೆ. ಹಿಮಾಲಯದಿಂದ, ಅದರಾಚೆಯ ನಾಡುಗಳಿಂದ ಬರುವ ಎಷ್ಟೋ ಪುಟ್ಟ ಹಕ್ಕಿಗಳು ವರ್ಷವರ್ಷವೂ ಅದೇ ತೋಟಕ್ಕೆ, ಅದೇ ಪೊದೆಗೆ ಮರಳುತ್ತವೆ. ಕಾಲಿಗೆ ಉಂಗುರ ತೊಡಿಸಿ ನಡೆಸಿದ ಅಧ್ಯಯನಗಳು ಇದನ್ನು ತೋರಿಸಿಕೊಟ್ಟಿವೆ. ಹಕ್ಕಿಯೇ ಅಷ್ಟು ನಿಷ್ಠೆಯಿಂದ ಬರುವಾಗ ನಾವೂ ಬರಬೇಕು.

ಈ ಸೀಮೆಯ ನೆಲದ ಏರಿಳಿತವನ್ನು ಸ್ವಲ್ಪ ತಿಳಿದಿರಬೇಕು. ಹೊಸೂರು ಇರುವುದು ಮೈಸೂರು ಪ್ರಸ್ಥಭೂಮಿಯ ಅಂಚಿನಲ್ಲಿ, ಸುಮಾರು 900 ಮೀಟರ್ ಎತ್ತರದಲ್ಲಿ. ಸೂಳಗಿರಿ ದಾಟಿ ಇಳಿಯುತ್ತ ಹೋದರೆ 50 ಕಿ.ಮೀ. ದೂರದ ಕೃಷ್ಣಗಿರಿ ಸುಮಾರು 500 ಮೀಟರ್‌ನಲ್ಲಿದೆ. ಮೇಲೆ ರಾಗಿ ಹೊಲ, ತರಕಾರಿ, ಗುಲಾಬಿಯ ಹಸಿರುಮನೆಗಳು; ಕೆಳಗೆ ಮಾವಿನ ತೋಪು, ಭತ್ತದ ಗದ್ದೆ. ಎರಡನ್ನೂ ಜೋಡಿಸುವುದು ದಕ್ಷಿಣ ಪಿನಾಕಿನಿ. ನಂದಿಬೆಟ್ಟದ ಕಡೆಯಿಂದ ಬರುವ ಈ ಹೊಳೆಗೆ ಹೊಸೂರಿನ ಪಕ್ಕ ಕೆಲವರಪಳ್ಳಿಯಲ್ಲಿ ಒಂದು ಅಣೆಕಟ್ಟು, ಮುಂದೆ ಕೃಷ್ಣಗಿರಿಯಲ್ಲಿ ಇನ್ನೊಂದು. ಬೆಂಗಳೂರಿನ ವರ್ತೂರು ಕೆರೆಯ ಕೋಡಿ ನೀರೂ ಇದೇ ಹೊಳೆಗೆ ಸೇರುತ್ತದೆ. ಮಳೆ ಜೋರಾಗಿ ಕೆಲವರಪಳ್ಳಿಯ ಬಾಗಿಲು ತೆರೆದಾಗ ಏಳುವ ನೊರೆ ಬೆಂಗಳೂರಿನ ಬಚ್ಚಲಿನದು. ಅಲ್ಲಿ ಇಳಿಯುವ ಬಾತುಗಳಿಗೆ ಈ ನೀರೇ ಗತಿ ಎಂಬುದನ್ನು ನೋಡುವವರು ಮರೆಯಬಾರದು.

ಮೊದಲ ಕೆಲವು ವಾರ ವಲಸೆ ಹಕ್ಕಿಗಳ ಗೊಡವೆ ಬೇಡ. ವರ್ಷವಿಡೀ ಇಲ್ಲೇ ಇರುವವರ ಪರಿಚಯ ಮಾಡಿಕೊಳ್ಳಿ: ಗುಳುಮುಳುಕ, ನಾಮದ ಕೋಳಿ, ಜಂಬುಕೋಳಿ, ನೀರುಕಾಗೆ, ಚುಕ್ಕೆಕೊಕ್ಕಿನ ಬಾತು, ಮಿಂಚುಳ್ಳಿ, ಟಿಟ್ಟಿಭ. ಇವರ ಮುಖ ಗೊತ್ತಾದ ಮೇಲೆ ಹೊಸಬರು ಬಂದ ದಿನವೇ ತಾವಾಗಿ ಕಣ್ಣಿಗೆ ಬೀಳುತ್ತಾರೆ. ನವೆಂಬರ್ ಹೊತ್ತಿಗೆ ಬಾತುಗಳ ಗುಂಪಿನಲ್ಲಿ ಸೌಟಿನಂಥ ಕೊಕ್ಕಿನ ಚಲುಕ ಬಾತು, ಕತ್ತು ನೀಳವಾದ ಸೂಜಿಬಾಲದ ಬಾತು ಇವೆಯೇ ಎಂದು ಹುಡುಕಿ. ನೀರಿನ ಮೇಲೆ ಕೆಳಮಟ್ಟದಲ್ಲಿ, ರೆಕ್ಕೆಗಳನ್ನು ಮೇಲಕ್ಕೆತ್ತಿ ತೇಲುತ್ತ ಬಂದು ಬಾತುಗಳನ್ನೆಲ್ಲ ಗಾಬರಿಗೊಳಿಸುವ ಬೇಟೆಹಕ್ಕಿ ಹದ್ದಲ್ಲ, ಗರುಡನೂ ಅಲ್ಲ. ಚಳಿಗಾಲದ ಅತಿಥಿ ಜೌಗು ಸೆಳೆವ.

ನನ್ನನ್ನು ಕೇಳಿದರೆ, ಕಲಿಯುವವರಿಗೆ ಬಾತುಗಳಿಗಿಂತ ಒಳ್ಳೆಯ ಗುರುಗಳು ದಡದ ಕೆಸರಿನಲ್ಲಿ ಓಡಾಡುವ ಸಣ್ಣ ಹಕ್ಕಿಗಳು. ಸಿಪಿಲೆಗಳನ್ನೇ ನೋಡಿ. ಎಲ್ಲವೂ ಬಾಲ ಕುಣಿಸುತ್ತವೆ. ಹಳ್ಳಿಯವರು ಕುಂಡೆಕುಸ್ಕ ಎನ್ನುವುದು ಇವನ್ನೇ. ದೊಡ್ಡದಾಗಿ, ಕಪ್ಪು ತಲೆಗೆ ಬಿಳಿ ಹುಬ್ಬು ತೀಡಿಕೊಂಡಿರುವುದು ನಮ್ಮೂರಿನದೇ. ಮುಖವೆಲ್ಲ ಬಿಳಿಯಾಗಿದ್ದರೆ ಅದು ವಲಸೆ ಬಂದ ಬಿಳಿ ಸಿಪಿಲೆ. ಬೆನ್ನು ಬೂದು, ಬಾಲದ ಬುಡದಡಿ ಹಳದಿ, ಉಳಿದವಕ್ಕಿಂತ ಉದ್ದ ಬಾಲ ಇದ್ದರೆ ಬೂದು ಸಿಪಿಲೆ. ಎಲ್ಲರಿಗಿಂತ ಮೊದಲು ಬಂದು ಚಳಿಗಾಲದ ಸುದ್ದಿ ಮುಟ್ಟಿಸುವುದು ಇದು, ಕಾಡಿನ ತೊರೆಗಳ ಬದಿಯೆಂದರೆ ಇದಕ್ಕೆ ಪ್ರೀತಿ. ಮೇಯುವ ದನಗಳ ಕಾಲಬುಡದಲ್ಲಿ ಹುಳು ಹೆಕ್ಕುತ್ತಿರುವುದು ಹಳದಿ ಸಿಪಿಲೆ.

ಗದ್ದೆಗೊರವಗಳದು ಇನ್ನೂ ಸೂಕ್ಷ್ಮ. ಮೂರು ಬಗೆ ಒಂದೇ ಕೆಸರಿನಲ್ಲಿ ಇರಬಹುದು. ಒಂದು, ನಿಂತಲ್ಲಿ ನಿಲ್ಲದೆ ಹಿಂಭಾಗವನ್ನು ಮೇಲೆ ಕೆಳಗೆ ಆಡಿಸುತ್ತಲೇ ಇರುತ್ತದೆ. ಎದೆಯ ಬಿಳಿ ಬಣ್ಣ ಭುಜದ ಮುಂದೆ ಗೀಟಿನಂತೆ ಮೇಲೇರಿರುತ್ತದೆ. ಹಾರಿದರೆ ನೀರಿಗೆ ತಾಗುವಷ್ಟು ಕೆಳಗೆ, ರೆಕ್ಕೆ ಪಟಪಟಿಸಿ ಹಾರುತ್ತದೆ. ಅದು ಸಾಮಾನ್ಯ ಗದ್ದೆಗೊರವ. ಎರಡನೆಯದಕ್ಕೆ ಬೆನ್ನ ತುಂಬ ಚುಕ್ಕೆ, ಹಳದಿ ಛಾಯೆಯ ನೀಳಗಾಲು, ಕಣ್ಣಿನ ಮೇಲೆ ಎದ್ದು ಕಾಣುವ ಬಿಳಿ ಹುಬ್ಬು: ಅಡವಿ ಗದ್ದೆಗೊರವ. ಮೂರನೆಯದು ಕೂತಾಗ ಕಪ್ಪಗೆ ಮಂಕಾಗಿ ಕಾಣುತ್ತದೆ. ನೀವು ಹೆಜ್ಜೆ ಇಟ್ಟ ತಕ್ಷಣ ಗಟ್ಟಿಯಾಗಿ ಕೂಗಿ ಎದ್ದರೆ ಕಪ್ಪು ರೆಕ್ಕೆಗಳ ನಡುವೆ ಬೆನ್ನಿನ ಕೆಳಭಾಗದ ಅಚ್ಚ ಬಿಳುಪು ಫಳ್ಳನೆ ಹೊಳೆಯುತ್ತದೆ. ಅದು ಹಸಿರು ಗದ್ದೆಗೊರವ. ಬಣ್ಣಕ್ಕಿಂತ ನಡೆಯನ್ನು ನೋಡಿ ಹಕ್ಕಿಯನ್ನು ಗುರುತಿಸುವುದು ಹೇಗೆಂದು ಈ ಮೂರೇ ಕಲಿಸಿಕೊಡುತ್ತವೆ.

ಕೃಷ್ಣಗಿರಿಯ ಮಾವಿನ ತೋಪುಗಳಲ್ಲಿ ಕಣ್ಣಿಗಿಂತ ಕಿವಿಗೆ ಕೆಲಸ ಹೆಚ್ಚು. ಬೇಲಿಯ ಲಂಟಾನದೊಳಗಿಂದ ‘ಚಕ್, ಚಕ್’ ಎಂದು ಬಿಟ್ಟು ಬಿಟ್ಟು ಕೇಳುವುದು ಬ್ಲೈತನ ಜೊಂಡು ಉಲಿಯಕ್ಕಿ. ಹಕ್ಕಿ ಕಾಣದಿದ್ದರೂ ಪಟ್ಟಿಗೆ ಬರೆದುಕೊಳ್ಳಬಹುದು. ಬೇಲಿಯ ತುದಿಯಲ್ಲಿ ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಕೂತು, ಗೊಗ್ಗರು ದನಿಯಲ್ಲಿ ಗದರುವುದು ಕಂದು ಕಳಿಂಗ. ನಸುಕಿನಲ್ಲೂ ಮುಸ್ಸಂಜೆಯಲ್ಲೂ ಎರಡು ಸ್ವರದ ಸಿಳ್ಳೆ ಕೇಳಿದರೆ ಅಲುಗಾಡದೆ ನಿಂತುಬಿಡಿ: ತರಗೆಲೆ ಕೆದಕುತ್ತ ನವರಂಗ ಹತ್ತಿರದಲ್ಲೇ ಇರುತ್ತದೆ.

ಇನ್ನು ಕಾಡು. ಡೆಂಕಣಿಕೋಟೆ, ಅಂಚೆಟ್ಟಿ ಕಡೆಯ ಮೇಲಗಿರಿ ಸಾಲನ್ನು ಒಳಗೊಂಡು 2014ರಲ್ಲಿ 504 ಚದರ ಕಿ.ಮೀ.ನ ಕಾವೇರಿ ಉತ್ತರ ವನ್ಯಧಾಮ ಘೋಷಣೆಯಾಯಿತು. ಕೆನೆತ್ ಆಂಡರ್ಸನ್ ಬರೆದ ಜವಳಗಿರಿಯ ನರಭಕ್ಷಕ ಹುಲಿಯ ಕಥೆ ನಡೆದದ್ದು ಇದೇ ಸುತ್ತಿನಲ್ಲಿ. ಇಲ್ಲಿನ ಬಂಡೆಗುಡ್ಡಗಳ ಕುರುಚಲಿನಲ್ಲಿ ಹಳದಿ ಕೊರಳಿನ ಪಿಕಳಾರ ವಾಸಿಸುತ್ತದೆ. ಇದು ವಲಸೆ ಹಕ್ಕಿಯಲ್ಲ. ದಕ್ಷಿಣ ಭಾರತ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ, ಅಪಾಯದ ಅಂಚಿಗೆ ಸರಿದಿರುವ ಹಕ್ಕಿ. ನಾಚಿಕೆ ಸ್ವಭಾವದ್ದು. ಮೊಬೈಲಿನಲ್ಲಿ ಅದರ ಕೂಗು ಹಾಕಿ ಹೊರಗೆ ಕರೆಯುವುದು ತಪ್ಪು. ಅದರ ಗುಡ್ಡವನ್ನು ಕಲ್ಲಿಗಾಗಿ ಒಡೆಯುತ್ತಿರುವ ಕಾಲದಲ್ಲಿ ನಾವೂ ಸೇರಿ ಪೀಡಿಸಬಾರದು.

ಎಚ್ಚರಿಕೆಯ ಮಾತೊಂದನ್ನು ಹೇಳಲೇಬೇಕು. ರಾಗಿ ಕೊಯ್ಲಿನ ಈ ತಿಂಗಳುಗಳಲ್ಲೇ ಬನ್ನೇರುಘಟ್ಟ, ಕಾವೇರಿ ಕಾಡುಗಳ ಕಡೆಯಿಂದ ಆನೆಗಳು ಜವಳಗಿರಿ, ಡೆಂಕಣಿಕೋಟೆ, ಸಾನಮಾವು ಸುತ್ತ ಬೀಡುಬಿಡುತ್ತವೆ. ಹಕ್ಕಿ ನೋಡಲು ಪ್ರಶಸ್ತವಾದ ನಸುಕೇ ಆನೆ ಹೊಲದಿಂದ ಕಾಡಿಗೆ ಮರಳುವ ಹೊತ್ತು. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಡಿಗೆ ಹೋಗಬೇಡಿ. ಕಾಡಂಚಿನ ಹೊಲಕ್ಕೂ ಊರವರನ್ನು ವಿಚಾರಿಸದೆ ಕಾಲಿಡಬೇಡಿ. ತಳಿ, ಡೆಂಕಣಿಕೋಟೆಯ ಹಳ್ಳಿಗಳಲ್ಲಿ ಕನ್ನಡದಲ್ಲೇ ಕೇಳಬಹುದು. ರಾತ್ರಿ ಕಾವಲಿದ್ದ ರೈತರಿಗೆ ಆನೆ ಯಾವ ಕಡೆಗೆ ಹೋಯಿತೆಂದು ಗೊತ್ತಿರುತ್ತದೆ.

ಸಲಕರಣೆ ಹೆಚ್ಚು ಬೇಡ. 8x42 ಬೈನಾಕ್ಯುಲರ್, ಒಂದು ನೋಟ್‌ಬುಕ್, ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’ ಸಾಕು. ಮೊದಲ ವರ್ಷ ಕ್ಯಾಮೆರಾ ಮನೆಯಲ್ಲೇ ಇರಲಿ. ಚಿತ್ರ ಸಿಕ್ಕಿತೆಂದರೆ ನೋಡುವುದು ಅಲ್ಲಿಗೇ ನಿಂತುಬಿಡುತ್ತದೆ.

ನೋಡಿದ್ದನ್ನು ಬರೆದಿಡಿ, ಬರೆದದ್ದನ್ನು ಹಕ್ಕಿ ದಾಖಲೆಗಳ ಜಾಲತಾಣವಾದ ಇ-ಬರ್ಡ್‌ಗೆ ಸೇರಿಸಿ. 2023ರ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ 942 ಪ್ರಭೇದಗಳ ಬಗ್ಗೆ ಮಾತಾಡಲು ಸಾಧ್ಯವಾದದ್ದು ಸುಮಾರು 30,000 ಹವ್ಯಾಸಿಗಳು ಹೀಗೆ ಕೊಟ್ಟ 3 ಕೋಟಿ ದಾಖಲೆಗಳಿಂದ. ಅದರಲ್ಲಿ ಕಾಗೆ, ಗುಬ್ಬಿ, ಸಿಪಿಲೆಗಳ ಲೆಕ್ಕಕ್ಕೂ ಅಷ್ಟೇ ಬೆಲೆ. ಜನವರಿಯಲ್ಲಿ ತಮಿಳುನಾಡಿನ ಹಕ್ಕಿಪ್ರಿಯರು ಪೊಂಗಲ್ ದಿನಗಳಲ್ಲಿ ಹಕ್ಕಿ ಎಣಿಕೆ ನಡೆಸುತ್ತಾರೆ. ಸಂಕ್ರಾಂತಿಯ ಎಳ್ಳು ಬೀರುವ ಮುನ್ನ ನಿಮ್ಮ ಕೆರೆಯ ಏರಿಯ ಮೇಲೆ ಹದಿನೈದು ನಿಮಿಷ ಕೂತು, ಕಂಡ ಹಕ್ಕಿಗಳನ್ನೆಲ್ಲ ಎಣಿಸಿ, ಆ ಲೆಕ್ಕವನ್ನು ಅಂದೇ ಕಳುಹಿಸಿ.