ಡಿಶ್ಲಿಯ ಹೊಲಮನೆ, ಬೇಕ್‌ವೆಲ್‌ನ ಟಗರು

ಇಂಗ್ಲೆಂಡಿನ ಲೆಸ್ಟರ್‌ಶೈರ್‌ನಲ್ಲಿ, ಲಫ್‌ಬರೋ ಪಟ್ಟಣದ ಅಂಚಿಗಿರುವ ಡಿಶ್ಲಿ ಗ್ರೇಂಜ್ ಹಿಂದೆ ಗ್ಯಾರೆಂಡನ್ ಕ್ರೈಸ್ತ ಮಠದ ಬೇಸಾಯದ ಭೂಮಿಯಾಗಿತ್ತು. ಅದಕ್ಕೆ ಜಗತ್ತಿನ ಪಶುಪಾಲನೆಯಲ್ಲಿ ಹೆಸರು ತಂದವನು 1725ರಲ್ಲಿ ಹುಟ್ಟಿದ ರಾಬರ್ಟ್ ಬೇಕ್‌ವೆಲ್. ಅವನು ಜಮೀನುದಾರನಲ್ಲ, ಸುಮಾರು 440 ಎಕರೆ ಉಳುತ್ತಿದ್ದ ಗೇಣಿದಾರ. 1760ರ ಸುಮಾರಿಗೆ ತಂದೆಯಿಂದ ಬೇಸಾಯದ ಹೊಣೆ ಹೊತ್ತುಕೊಂಡ. ಕಾಲುವೆ ತೋಡಿ ಹಳ್ಳದ ನೀರನ್ನು ಹುಲ್ಲುಗಾವಲಿಗೆ ಹರಿಸಿ, ಮೇವು ಹೆಚ್ಚಿಸಿದ.

ಆಗ ಹಳ್ಳಿಗರ ಕುರಿಗಳೆಲ್ಲ ಗೋಮಾಳದಲ್ಲಿ ಒಟ್ಟಿಗೆ ಮೇಯುತ್ತಿದ್ದವು. ಯಾವ ಮರಿಗೆ ಯಾವ ಟಗರು ತಂದೆಯೆಂದು ಹೇಳುವುದೇ ಕಷ್ಟವಾಗಿತ್ತು. ಬೇಕ್‌ವೆಲ್ ಟಗರುಗಳನ್ನು ಬೇರೆ ಕಟ್ಟಿದ. ಬೇಕಾದ ಗುಣವುಳ್ಳ ಹತ್ತಿರದ ಬಂಧುಗಳನ್ನೇ ಕೂಡಿಸಿ, ಆ ಗುಣ ತಲೆಮಾರಿನಿಂದ ತಲೆಮಾರಿಗೆ ನಿಲ್ಲುವಂತೆ ಮಾಡಿದ. ಬೆಳೆಯುತ್ತಿದ್ದ ಕೈಗಾರಿಕಾ ಪಟ್ಟಣಗಳಿಗೆ ಮಾಂಸ ಬೇಕಿತ್ತು. ಅವನ ‘ನ್ಯೂ ಲೆಸ್ಟರ್’ ಕುರಿ ಸಣ್ಣ ಎಲುಬಿನದು, ಬೇಗ ಕೊಬ್ಬುವಂಥದು. ತಲೆಮಾರುಗಳನ್ನು ಹೋಲಿಸಿ ನೋಡಲೆಂದು ಹೆಸರಾಂತ ಪ್ರಾಣಿಗಳ ಅಸ್ಥಿಪಂಜರಗಳನ್ನೂ ಉಪ್ಪುನೀರಿನಲ್ಲಿಟ್ಟ ಮಾಂಸದ ತುಂಡುಗಳನ್ನೂ ಮನೆಯೊಳಗೇ ಇರಿಸಿಕೊಂಡಿದ್ದ.

ಟಗರುಗಳನ್ನು ಅವನು ಹಂಗಾಮಿನ ಬಾಡಿಗೆಗೆ ಕೊಡುತ್ತಿದ್ದ. ಬಾಡಿಗೆ ಪಡೆದವರ ಹಿಂಡಿನಲ್ಲಿ ಹುಟ್ಟಿದ ಮರಿಗಳೇ ಆ ಟಗರಿನ ಯೋಗ್ಯತೆಗೆ ಸಾಕ್ಷಿ. ಮರಿಗಳು ಒಳ್ಳೆಯವಾದರೆ ಟಗರು ಡಿಶ್ಲಿಯ ಹಿಂಡಿಗೆ ಮರಳುತ್ತಿತ್ತು. ಮೊದಮೊದಲು ಕೆಲವೇ ಶಿಲ್ಲಿಂಗ್ ಇದ್ದ ಬಾಡಿಗೆ ಬೆಳೆದು, 1789ರಲ್ಲಿ ಮೂರು ಟಗರುಗಳಿಂದ 1,200 ಗಿನಿ ಬಂತು. 1783ರಲ್ಲಿ ತಳಿಗಾರರು ಡಿಶ್ಲಿ ಸೊಸೈಟಿ ಕಟ್ಟಿ ತಳಿಯ ಶುದ್ಧತೆಯನ್ನೂ ಬಾಡಿಗೆಯ ದರವನ್ನೂ ಕಾಯ್ದರು.

ಸೋಲೂ ಇತ್ತು. ನ್ಯೂ ಲೆಸ್ಟರ್‌ನ ಮಾಂಸದಲ್ಲಿ ಕೊಬ್ಬು ಮಿತಿಮೀರಿತು, ಮರಿಗಳ ಸಂಖ್ಯೆ ತಗ್ಗಿತು. ಅವನ ಲಾಂಗ್‌ಹಾರ್ನ್ ದನಗಳು ಮಾಂಸದಲ್ಲಿ ಗೆದ್ದು ಹಾಲಿನಲ್ಲಿ ಸೋತವು. ಅವುಗಳ ಜಾಗವನ್ನು ಶಾರ್ಟ್‌ಹಾರ್ನ್ ಹಿಡಿಯಿತು. 1795ರಲ್ಲಿ ತೀರಿಕೊಂಡ ಬೇಕ್‌ವೆಲ್‌ನ ಸಮಾಧಿ ಡಿಶ್ಲಿಯ ಚರ್ಚಿನಲ್ಲಿದೆ. ಆ ಚರ್ಚು ಈಗ ಪಾಳುಬಿದ್ದಿದೆ.

ಅವನ ಕುರಿಗಳ ರಕ್ತ ಬಾರ್ಡರ್ ಲೆಸ್ಟರ್ ತಳಿಯಲ್ಲಿ ಉಳಿದಿದೆ. ಫ್ರಾನ್ಸಿನಲ್ಲಿ ಮೆರಿನೋ ಕುರಿಯೊಡನೆ ಬೆರೆತು ‘ಈಲ್ ದ ಫ್ರಾನ್ಸ್’ ತಳಿಗೂ ಅದು ಮೂಲವಾಯಿತು. ತಳಿಗಿಂತ ದೊಡ್ಡ ಕೊಡುಗೆ ಅವನ ಪರೀಕ್ಷಾ ಕ್ರಮ. ಕೃತಕ ಗರ್ಭಧಾರಣೆಗೆ ಹೋರಿಯನ್ನು ಆರಿಸುವಾಗ ಅದರ ಹೆಣ್ಣು ಸಂತತಿಯ ಹಾಲನ್ನು ಅಳೆಯುವ ಇಂದಿನ ಪದ್ಧತಿಯೂ ನಿಂತಿರುವುದು ಅದೇ ತತ್ವದ ಮೇಲೆ: ಬೀಜದ ಪ್ರಾಣಿಯ ಬೆಲೆಯನ್ನು ಅದರ ಮೈಕಟ್ಟು ಹೇಳಿದರೆ ಸಾಲದು, ಸಂತತಿಯೇ ಹೇಳಬೇಕು.