ಬೀಚು ಬಿಟ್ಟು ಅಳಿವೆಯ ಒಳಕ್ಕೆ

ಕರಾವಳಿ ಪ್ರವಾಸಕ್ಕೆ ನಮ್ಮಲ್ಲೊಂದು ಸಿದ್ಧ ಸುತ್ತು ಇದೆ. ರಾತ್ರಿ ಬಸ್ಸು, ಉಡುಪಿಯಲ್ಲಿ ಕೃಷ್ಣದರ್ಶನ, ಮಲ್ಪೆಯಲ್ಲಿ ನೀರಾಟ, ಮುರ್ಡೇಶ್ವರದಲ್ಲಿ 123 ಅಡಿಯ ಶಿವನ ಮುಂದೆ ಸೆಲ್ಫಿ, ಗೋಕರ್ಣದಲ್ಲಿ ಸೂರ್ಯಾಸ್ತ. ಇದರಲ್ಲಿ ಸುಖವಿಲ್ಲವೆಂದು ಹೇಳಿದರೆ ಸುಳ್ಳಾದೀತು. ಆದರೆ ಈ ಕಡಲಿಗೆ ಹೆಸರು ತಂದ ವ್ಯಾಪಾರದ ಊರುಗಳಲ್ಲಿ ಒಂದೂ ಈ ಸುತ್ತಿನೊಳಗಿಲ್ಲ.

ಕಾರಣ ಸರಳ. ಹಳೆಯ ಬಂದರುಗಳು ಮರಳ ದಂಡೆಯ ಮೇಲಿರಲಿಲ್ಲ. ತೆರೆದ ಕಡಲಿನ ಹೊಡೆತಕ್ಕೆ ಅಂಜಿದ ವ್ಯಾಪಾರ ಅಳಿವೆ ದಾಟಿ ಹೊಳೆಯ ಒಳಗೆ ನೆಲೆ ಹುಡುಕಿಕೊಳ್ಳುತ್ತಿತ್ತು. ಬಾರಕೂರಿಗೆ ಸೀತಾನದಿ, ಬಸರೂರಿಗೆ ವಾರಾಹಿ, ಮಿರ್ಜಾನಿಗೆ ಅಘನಾಶಿನಿ. ಹೆದ್ದಾರಿಯಿಂದ ಕೆಲವೇ ಕಿಲೋಮೀಟರು ಒಳಗಿದ್ದರೂ ಅಲೆಯ ಸದ್ದನ್ನೇ ಹುಡುಕಿ ಬಂದವರಿಗೆ ಅವು ಸಿಗುವುದಿಲ್ಲ.

ಇವುಗಳಲ್ಲಿ ಹೆಚ್ಚು ಜನ ನೋಡುವುದು ಕುಮಟಾದ ಹತ್ತಿರದ ಮಿರ್ಜಾನ್ ಕೋಟೆ. ಮಳೆಗಾಲದಲ್ಲಿ ಹಸಿರು ಹೊದ್ದ ಜಂಬಿಟ್ಟಿಗೆ ಗೋಡೆಗಳು ಫೋಟೋಕ್ಕೆ ಬಲು ಚೆನ್ನ, ಮದುವೆಗೆ ಮುಂಚಿನ ಚಿತ್ರೀಕರಣದವರಿಗೆ ಅದು ಗೊತ್ತು. ಆದರೆ ಕೋಟೆ ಮೂಕವಾಗಿದೆ. ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರನ್ನು ಅದಕ್ಕೆ ಸೇರಿಸುತ್ತಾರೆ. ಪೋರ್ಚುಗೀಸರು ಆಕೆಯನ್ನು ಕರಿಮೆಣಸಿನ ರಾಣಿ ಎಂದರು. ಆ ಮೆಣಸು ಯಾವ ಘಟ್ಟದಿಂದ ಇಳಿದು ಯಾವ ದಾರಿಯಲ್ಲಿ ಕಡಲಿಗೆ ಹೋಯಿತು ಎಂದು ಅಲ್ಲಿ ನಿಂತವನಿಗೆ ಹೊಳೆಯುವುದಿಲ್ಲ.

ಬಾರಕೂರು ಇನ್ನೊಂದು ಬಗೆಯ ನಿರಾಸೆ. ಆಳುಪರ ರಾಜಧಾನಿ, ವಿಜಯನಗರದ ಕಾಲಕ್ಕೆ ಒಂದು ರಾಜ್ಯದ ಕೇಂದ್ರ, ಇಬ್ನ್ ಬತೂತ ಬಂದು ಹೋದ ಬಂದರು. ವರ್ಷದ ದಿನಕ್ಕೊಂದರಂತೆ 365 ದೇವಸ್ಥಾನಗಳಿದ್ದವೆಂದು ಊರಿನವರ ಮಾತು. ಕತ್ತಲೆ ಬಸದಿಯ ಕಲ್ಲುಚಪ್ಪಡಿಯ ಮಾಡನ್ನು ಕಂಡರೆ ಆ ಮಾತನ್ನು ನಂಬುವ ಮನಸ್ಸಾಗುತ್ತದೆ. ಆದರೆ ಕೋಟೆಕೇರಿ, ಮಣಿಗಾರಕೇರಿ, ಚೌಳಿಕೇರಿ ಎಂದು ಚದುರಿದ ಕೇರಿಗಳನ್ನು ಒಂದು ಪಟ್ಟಣವಾಗಿ ಜೋಡಿಸಿಕೊಳ್ಳುವ ಕೆಲಸ ಬಂದವನ ಪಾಲಿಗೇ ಬಿದ್ದಿದೆ. ಸ್ಮಾರಕದ ಫಲಕ ಹಾಳುಗೆಡವಿದರೆ ದಂಡವೆಷ್ಟೆಂದು ಹೇಳುವಷ್ಟು ಚೆನ್ನಾಗಿ ಕಟ್ಟಿದವರು ಯಾರೆಂದು ಹೇಳುವುದಿಲ್ಲ.

ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮೇಲಿರುವುದು ಭಟ್ಕಳ. ಸುದ್ದಿವಾಹಿನಿಗಳು ಅಂಟಿಸಿದ ಹೆಸರಿಗೆ ಹೆದರಿ ಪ್ರವಾಸದ ಬಸ್ಸುಗಳು ನಿಲ್ಲಿಸದೆ ಮುರ್ಡೇಶ್ವರಕ್ಕೆ ಓಡುವ ಊರು ಇದು. ವಿಜಯನಗರಕ್ಕೆ ಅರಬ್ಬೀ ಕುದುರೆಗಳು ಇಳಿಯುತ್ತಿದ್ದದ್ದು ಇಲ್ಲಿ. 1502ರಲ್ಲಿ ವಾಸ್ಕೋ ಡ ಗಾಮ ಬೆದರಿಸಿ ಅಕ್ಕಿಯ ಕಪ್ಪ ಕಟ್ಟಿಸಿಕೊಂಡದ್ದೂ ಇಲ್ಲಿಯೇ. ಮೂಡಭಟ್ಕಳದ ಖೇತಪೈ ನಾರಾಯಣ ದೇವಸ್ಥಾನ 16ನೇ ಶತಮಾನದ್ದು, ಕಟ್ಟಿಸಿದ್ದು ರಾಜನಲ್ಲ, ವ್ಯಾಪಾರಿ. ಅದರ ಗಾತ್ರ ಚಿಕ್ಕದು. ಮರದ ಮನೆಯನ್ನೇ ಕಲ್ಲಿನಲ್ಲಿ ಕಡೆದಂತೆ ಇಳಿಜಾರು ಚಪ್ಪಡಿ ಮಾಡು, ಮರದ ಪಟ್ಟಿಯಂತೆ ಅಡ್ಡಡ್ಡ ಜೋಡಿಸಿದ ಕಲ್ಲಿನ ಜಾಲಂಧ್ರ, ಗೋಡೆಯ ಮೇಲೆ ಗೇಣುದ್ದದ ರಾಮಾಯಣ. ಇಲ್ಲಿನ ಮಳೆಯನ್ನು ಇಷ್ಟು ಚೆನ್ನಾಗಿ ಅರಿತ ಶಿಲ್ಪವನ್ನು ಮುಗಿಲೆತ್ತರದ ಕಾಂಕ್ರೀಟ್ ವಿಗ್ರಹದ ಪಕ್ಕ ತೂಗುವುದೇ ತಪ್ಪು.

ಪೇಟೆಯ ಕಡೆ ಬಂದರೆ ಜಟ್ಟಪ್ಪ ನಾಯಕನ ಚಂದ್ರನಾಥ ಬಸದಿ. ಅಲ್ಲಿಂದ ಮುಂದೆ ಅರಬ್ಬೀ ವರ್ತಕರ ಪೀಳಿಗೆಯೆನ್ನುವ ನವಾಯತರ ಮನೆಗಳು. ಅವರಾಡುವುದು ಕೊಂಕಣಿಗೆ ಹತ್ತಿರದ ನುಡಿ, ಬರೆಯುವುದು ಅರಬ್ಬೀ-ಪಾರಸಿ ಲಿಪಿಯಲ್ಲಿ. ಮಲ್ಲಿಗೆ ಮಾರುವವರನ್ನೂ ಬಿರಿಯಾನಿಯ ಪರಿಮಳವನ್ನೂ ದಾಟುತ್ತ ನಡೆದರೆ, ದೇವಸ್ಥಾನ, ಬಸದಿ, ಮಸೀದಿ ಮೂರನ್ನೂ ಸಾಕಿದ್ದು ಒಂದೇ ಕಡಲವ್ಯಾಪಾರ ಎಂಬುದು ಪುಸ್ತಕವಿಲ್ಲದೆ ತಿಳಿಯುತ್ತದೆ. ಉಳಿದ ಊರುಗಳಲ್ಲಿ ಅವಶೇಷವಿದೆ, ಇಲ್ಲಿ ಅದರ ಬಾಳ್ವೆ ಇನ್ನೂ ನಡೆದಿದೆ.

ಬಸರೂರಿಗೆ ತಾಳ್ಮೆ ಬೇಕು. ಪೋರ್ಚುಗೀಸರು ಬಾರ್ಸೆಲೋರ್ ಎಂದು ಕರೆದು ಅಕ್ಕಿ ಕೊಂಡೊಯ್ದ, 1665ರಲ್ಲಿ ಶಿವಾಜಿ ಹಡಗೇರಿ ಬಂದು ಲೂಟಿ ಮಾಡಿದ ಪಟ್ಟಣ ಈಗ ತೋಟಗಳ ನಡುವಿನ ಹಳ್ಳಿ. ಶಾಸನ ಓದಬಲ್ಲವರು ಜೊತೆಗಿದ್ದರೆ ಮಹಾಲಿಂಗೇಶ್ವರ ದೇವಸ್ಥಾನದ ಆವರಣದಲ್ಲಿ ಅರ್ಧ ದಿನ ಸಾಲದು. ಇಲ್ಲದಿದ್ದರೆ ಒಂದು ಗಂಟೆ ಸಾಕು.

ರಜೆಯಲ್ಲಿ ಒಂದೇ ದಿನ ಸಿಕ್ಕರೆ ಭಟ್ಕಳದಲ್ಲಿ ಇಳಿಯಿರಿ. ಕೊಂಕಣ ರೈಲು ಅಲ್ಲಿ ನಿಲ್ಲುತ್ತದೆ. ಮುರ್ಡೇಶ್ವರವನ್ನು ಸಂಜೆಗೆ ಇಟ್ಟುಕೊಳ್ಳಿ, ದೂರ ಹದಿನೈದು ಕಿಲೋಮೀಟರಿನ ಆಸುಪಾಸು.