ಬಿಡಿಭಾಗಗಳ ಕೈಪಿಡಿ: ಸಂಖ್ಯೆ ಇದೆ, ಅಳತೆ ಇಲ್ಲ

ಅಮೆರಿಕದ ಸಿಯರ್ಸ್ ಮಳಿಗೆಗಳು ಕ್ರಾಫ್ಟ್ಸ್‌ಮನ್ ಹೆಸರಿನಲ್ಲಿ ಮಾರುತ್ತಿದ್ದ, ಮೇಲೆ ಕುಳಿತು ಓಡಿಸುವ ಹುಲ್ಲು ಕತ್ತರಿಸುವ ಯಂತ್ರಗಳ ಬಿಡಿಭಾಗಗಳ ಕೈಪಿಡಿಗಳಲ್ಲಿ ಚಿತ್ರಗಳು ಅಚ್ಚುಕಟ್ಟಾಗಿವೆ. ಎಲ್ಲಿ ಬೇಕಾದರೂ ಸಿಗುವ ಬೋಲ್ಟು, ವಾಷರುಗಳಿಗೆ ಅಳತೆಯನ್ನೂ ಕೊಟ್ಟಿರುತ್ತಾರೆ. ಆದರೆ ಬ್ಲೇಡು ತಿರುಗಿಸುವ ವಿ-ಬೆಲ್ಟಿನ ಮುಂದೆ ಸಾಮಾನ್ಯವಾಗಿ ಇರುವುದು ಒಂದು ಸಂಖ್ಯೆ ಮಾತ್ರ! ಆ ಸಂಖ್ಯೆಯ ಬೆಲ್ಟು ಮಾರುಕಟ್ಟೆಯಿಂದ ಮರೆಯಾದರೆ, ಎಂಜಿನ್ ಗಟ್ಟಿಮುಟ್ಟಾಗಿದ್ದರೂ ಯಂತ್ರ ಗುಜರಿಗೆ.

ಸಿಯರ್ಸ್ ಈ ಯಂತ್ರಗಳನ್ನು ತಾನೇ ತಯಾರಿಸುತ್ತಿರಲಿಲ್ಲ. ಮಾದರಿ ಸಂಖ್ಯೆಯ ಮೊದಲ ಮೂರು ಅಂಕಿಗಳು ತಯಾರಕರ ಗುರುತು. 247 ಎಂದರೆ ಎಂ.ಟಿ.ಡಿ. ಇದನ್ನು ಬಲ್ಲವರಿಗೆ ಹುಡುಕಾಟ ಸ್ವಲ್ಪ ಹಗುರ.

ಹಳೆಯ ಬೆಲ್ಟನ್ನೇ ಅಳೆಯಬಾರದೇಕೆ? ಅದು ಸವೆದು ಹಿಗ್ಗಿರುತ್ತದೆ. ಮೇಲಾಗಿ ಎ-42 ಬೆಲ್ಟಿನಲ್ಲಿ 42 ಅಂಗುಲ ಎಂಬುದು ಒಳಸುತ್ತಳತೆ. 4ಎಲ್-440ರಲ್ಲಿ 44 ಅಂಗುಲ ಎಂಬುದು ಹೊರಸುತ್ತಳತೆ. ಬೆಲ್ಟಿನ ದಪ್ಪ ಸುಮಾರು 8 ಮಿ.ಮೀ. ಅದನ್ನು ಪೈಯ ಎರಡರಷ್ಟರಿಂದ ಗುಣಿಸಿದರೆ 50 ಮಿ.ಮೀ., ಅಂದರೆ 2 ಅಂಗುಲ. ಹೀಗಾಗಿ ಉದ್ದದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ.

ಉದ್ದ ಕೂಡಿಬಂದರೂ ಸಾಲದು. ಅನೇಕ ಯಂತ್ರಗಳಲ್ಲಿ ಸಡಿಲ ಬೆಲ್ಟನ್ನು ಬಿಗಿಗೊಳಿಸಿದಾಗ ಬ್ಲೇಡು ತಿರುಗತೊಡಗುತ್ತದೆ, ಬೆಲ್ಟೇ ಕ್ಲಚ್ಚು. ಜಾರುವಾಗ ಘರ್ಷಣೆಯಿಂದ ಕಾಯುತ್ತದೆ. ಸಾಧಾರಣ ಬೆಲ್ಟು ಇಲ್ಲಿ ಬಹುಕಾಲ ಬಾಳದು, ಅರಾಮಿಡ್ ಎಳೆಯದು ಬೇಕು. ಅಗಲ, ಹೊರಸುತ್ತಳತೆ, ಎಳೆಯ ಬಗೆಗಳನ್ನು ತಿಳಿಸಲು ಕೈಪಿಡಿಯಲ್ಲಿ ಅರ್ಧ ಸಾಲು ಸಾಕಾಗುತ್ತಿತ್ತು.